ತವರಿನ ಮಣ್ಣಿನ ಗಂಟು

ಗಂಟು ಬಿಚ್ಚಿದ ಅತ್ತೆ ಎದೆ ಬಡಿದುಕೊಂಡರು. "ಯವ್ವಾ! ತವರಿಂದ ತಿನ್ನಾಕ ಕರಚಿಕಾಯಿ ತರ್ತಾಳ ಅಂತ ಮಾಡಿದ್ರ, ಮಣ್ಣು ತಂದಾಳಲ್ಲ! ನಮ್ಮ ಬಾಯಾಗ ಹಾಕಾಕೇನ ಬೇ?"

ಅರವತ್ತರ ದಶಕದ ಮಾತಿದು. ಟಿಕೋಟದ ಮಗಳಾದ ನನಗೆ ಗಂಡನ ಊರು ಸಾರವಾಡದಲ್ಲಿ ಅದು ಎರಡನೇ ಮುಂಗಾರು. ಹೋದ ವರ್ಷ ನನ್ನ ಮಾತು ಕೇಳಿ ಮಾವ, ಜೋಳ ಬಿಟ್ಟು ಬೇರೇನೂ ಕಾಣದ ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಸೇಂಗಾ ಹಾಕಿಸಿದ್ದರು. ಗಿಡಗಳು ಕಾಮಾಲೆಯಾದವರ ಹಾಗೆ ಹಳದಿಯಾಗಿ ನಿಂತವು. "ಇನ್ನೊಂದ್ಸಲ ನೋಡೂಣು. ಮತ್ತ ಹಿಂಗಾದ್ರ ಹೊಲದ ಸುದ್ದಿಗೆ ಬರಬ್ಯಾಡವ್ವ, ಒಲಿ ನೋಡ್ಕೋ" ಎಂದುಬಿಟ್ಟರು ಮಾವ. ಅಪ್ಪನ ಹಿಂದೆ ಹೊಲದಲ್ಲೇ ಬೆಳೆದವಳು ನಾನು. ಆ ಮಾತಿಗೆ ಮೈಯೆಲ್ಲ ಉರಿಯಿತು.

ವಿಜಾಪುರದ ಶಾಲೆಯಲ್ಲಿ ಮಾಸ್ತರರು ಹೇಳಿದ್ದು ನೆನಪಿತ್ತು. ಸೇಂಗಾದ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ, ಅವುಗಳೊಳಗೆ ಕಣ್ಣಿಗೆ ಕಾಣದ ಜೀವಿಗಳು. ಗಾಳಿಯಿಂದಲೇ ಗೊಬ್ಬರ ಮಾಡಿ ಗಿಡಕ್ಕೆ ಉಣಿಸುತ್ತವೆ. ಎಲೆ ಹಸಿರಾಗುವುದು ಆ ಊಟದಿಂದ. ನಮ್ಮ ಹಳದಿ ಗಿಡ ಕಿತ್ತು ನೋಡಿದ್ದೆ, ಗಂಟೇ ಇರಲಿಲ್ಲ. ಅಪ್ಪನ ಹೊಲದಲ್ಲಾದರೆ ಮೊದಲಿನಿಂದಲೂ ಸೇಂಗಾ. ಆ ಮಣ್ಣಿನಲ್ಲಿ ಆ ಜೀವಿಗಳು ಇದ್ದೇ ಇರಬೇಕು! ಕಾರಹುಣ್ಣಿಮೆಗೆ ತವರಿಗೆ ಹೋದವಳು ಆ ಮಣ್ಣನ್ನೇ ಗಂಟು ಕಟ್ಟಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದೆ.

ಅತ್ತೆ ಮಾತು ಬಿಟ್ಟರು. ಬಿಡಲಿ, ನಾನೇನು ಕಡಿಮೆ ಹಟದವಳೇ? ಬೀಜಕ್ಕೆ ಬೆಲ್ಲದ ನೀರು ಚಿಮುಕಿಸಿ, ಮಣ್ಣು ಸವರಿ, ನೆರಳಲ್ಲಿ ಆರಿಸಿ ಬಿತ್ತಿಸಿದೆ. ಮಣ್ಣು ಸಾಲದೆ ಕೊನೆಯ ಸಾಲುಗಳಿಗೆ ಬರಿಯ ಬೀಜವನ್ನೇ ಬಿತ್ತಿಸಬೇಕಾಯಿತು.

ನಾಗರಪಂಚಮಿಗೆ ಅಣ್ಣ ನನ್ನನ್ನು ತವರಿಗೆ ಕರೆಯಲು ಬರುವ ಹಿಂದಿನ ದಿನ ಹೊಲಕ್ಕೆ ಓಡಿದೆ. ಅಬ್ಬಾ, ಹೊಲವೆಲ್ಲ ಕಡು ಹಸಿರು! ಕೊನೆಯ ಸಾಲುಗಳು ಮಾತ್ರ ಹಳದಿ. ಸೊಸೆ ಎಂಬುದನ್ನೂ ಮರೆತು ಬದುವಿನ ಮೇಲೆ ಕುಣಿದುಬಿಟ್ಟೆ. ಹಸಿರು ಗಿಡವೊಂದನ್ನು ಕಿತ್ತು ಮನೆಗೆ ತಂದು, ಬೇರಿನ ಗಂಟೊಂದನ್ನು ಬಿಡಿಸಿ ಅತ್ತೆಯ ಅಂಗೈಯಲ್ಲಿಟ್ಟೆ.

"ಉಗುರಿಲೆ ಒತ್ತಿ ನೋಡ್ರಿ, ಅತ್ತಿ."

ಒತ್ತಿದರು. ಒಳಗೆ ಕೆಂಪು.

"ಅಯ್ಯ ಶಿವನ, ನೆತ್ತರ ಐತಲ್ಲ ಬೇ ಇದರಾಗ!"

"ಆ ಕೆಂಪು ಇದ್ರ ಒಳಗಿನ ಜೀವ ದುಡ್ಯಾಕತ್ತಾವ ಅಂತ ತಿಳೀರಿ."

ಹೊಲ ನೋಡಿ ಬಂದ ಮಾವ ರುಮಾಲು ತೆಗೆದು ತಲೆ ಕೆರೆದುಕೊಂಡರು. "ಹೊಳಿ ಕಡೀ ಹೊಲಕ್ಕ ಏನ್ ಬಿತ್ತೂಣವ್ವ?" ಎಂದು ನನ್ನನ್ನೇ ಕೇಳಿದರು.

ಮರುದಿನ ಹೊರಟಾಗ ಅತ್ತೆ ನನ್ನ ಚೀಲಕ್ಕೆ ಪಂಚಮಿ ಉಂಡಿ ತುಂಬಿದರು. ಅದರ ಮೇಲೆ ಮಡಿಚಿದ ಖಾಲಿ ಅರಿವೆಯೊಂದನ್ನು ಇಟ್ಟರು.

"ಬರೂಮುಂದ ಉಂಡಿ ಗಿಂಡಿ ತರಬ್ಯಾಡ. ನಮ್ಮ ಬಾಯಾಗ ಹಾಕಾಕ ಮಣ್ಣ ತಾ."