ಮಗಳಿಗೆ ಬುದ್ಧಿ ಬಂದ ದಿನ

ನನ್ನ ಮಗಳ ಬಾಯಿಗೆ ಬೀಗವಿಲ್ಲವೆಂದು ಬಸವಾಪಟ್ಟಣದ ನಮ್ಮ ಓಣಿಗೆಲ್ಲ ಗೊತ್ತಿತ್ತು. ನಾವು ಒಂದು ಅಂದರೆ ಅವಳು ಎರಡು ಅನ್ನುತ್ತಿದ್ದಳು, ಅದೂ ಮುಖಕ್ಕೆ ಮುಖ ಕೊಟ್ಟು. "ದೊಡ್ಡೋರ ಮುಂದೆ ಕಣ್ಣು ಕೆಳಗೆ ಹಾಕೇ" ಎನ್ನುವುದು ನನ್ನ ದಿನದ ಪಾಠವಾಗಿತ್ತು.

ಹೋದ ವರ್ಷ ಶಾಲೆಯಲ್ಲಿ ಖೋ ಖೋ ಆಡುವಾಗ ಗೆಳತಿಯ ಮೊಣಕೈ ಅವಳ ಎಡಗಣ್ಣಿನ ಕೆಳಗೆ ಬಡಿಯಿತು. ಮನೆಗೆ ಬಂದಾಗ ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಕಣ್ಣು ಕೆಂಪಾಗಿರಲಿಲ್ಲ, ಊತವೂ ಇರಲಿಲ್ಲ. ಸಂಜೆ ವಾಂತಿ ಮಾಡಿಕೊಂಡಾಗ ತಪ್ಪನ್ನು ಅವಳು ತಿಂದಿದ್ದ ಮಂಡಕ್ಕಿ ಮೆಣಸಿನಕಾಯಿಯ ಮೇಲೆ ಹಾಕಿದೆ.

ಮರುದಿನ ಹೊನ್ನಾಳಿಯಿಂದ ನನ್ನ ಗಂಡನ ಅಕ್ಕ ಬಂದರು. ನನ್ನಲ್ಲಿ ಹುಳುಕು ಹುಡುಕುವುದರಲ್ಲಿ ಅವರದು ಎತ್ತಿದ ಕೈ. ಮಗಳು ನೀರು ತಂದುಕೊಟ್ಟಳು, ಕಾಲಿಗೆ ನಮಸ್ಕರಿಸಿದಳು, ಕೇಳಿದ್ದಕ್ಕೆಲ್ಲ ನೆಲ ನೋಡುತ್ತಲೇ ಉತ್ತರ ಕೊಟ್ಟಳು.

"ಹುಡುಗಿಗೆ ಬುದ್ಧಿ ಬಂದೈತೆ ಕಣಮ್ಮ. ಕಣ್ಣೆತ್ತಿ ಮಾತಾಡಾಕಿಲ್ಲ ನೋಡು" ಎಂದರು. ಆ ಬಾಯಿಂದ ಹೊಗಳಿಕೆ ಬಂದದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಮಗಳು ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟದ್ದನ್ನೂ ಗಮನಿಸಲಿಲ್ಲ.

ಅವರು ಹೊರಟ ಮೇಲೆ, ಶೆಲ್ಫಿನ ಮೇಲಿನ ಡಬ್ಬಿ ತೆಗಿ ಎಂದೆ. ಮೇಲೆ ನೋಡಿದವಳು ಗೋಡೆ ಹಿಡಿದು ಕೂತುಬಿಟ್ಟಳು.

"ಮ್ಯಾಲೆ ನೋಡಾಕೆ ಆಗಲ್ಲವ್ವಾ. ಎರಡೆರಡು ಕಾಣ್ತೈತೆ."

ಗಲ್ಲ ಹಿಡಿದು ಮತ್ತೆ ನೋಡಿಸಿದೆ. ಬಲಗಣ್ಣು ಮೇಲೇರಿತು, ಎಡಗಣ್ಣು ಇದ್ದಲ್ಲೇ ಇತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಗದರಿದೆ.

"ಬೆಳಿಗ್ಗೆ ಹೇಳಾಕೆ ಬಂದೆ. ಅತ್ತೆ ಮುಂದೆ ಸುಮ್ಕಿರು ಅಂದೆ ನೀನು."

ಅಂದೇ ದಾವಣಗೆರೆಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರು ಸ್ಕ್ಯಾನ್ ತೋರಿಸಿದರು. "ಮಕ್ಕಳ ಎಲುಬು ಎಳೇದಮ್ಮ. ಕಣ್ಣಿನ ಗೂಡಿನ ತಳ ಬಿರುಕು ಬಿಟ್ಟು ಮತ್ತೆ ಮುಚ್ಕೊಂಡೈತೆ. ಬಾಗಿಲ ಸಂದೀಲಿ ಸೆರಗು ಸಿಕ್ಕಂಗೆ ಕಣ್ಣಿನ ಸ್ನಾಯು ಅದರಲ್ಲಿ ಸಿಕ್ಕೈತೆ. ಹೊರಗೆ ಏನೂ ಕಾಣಲ್ಲ. ಇವತ್ತೇ ಬಿಡಿಸಬೇಕು. ತಡ ಆದ್ರೆ ಸ್ನಾಯು ಸಾಯ್ತದೆ, ಎರಡೆರಡು ಕಾಣೋದು ಹಂಗೇ ಉಳೀಬಹುದು."

ಇಷ್ಟು ಹೊತ್ತು ಯಾಕೆ ಬರಲಿಲ್ಲ ಎಂದರು. ಕಣ್ಣು ಬೆಳ್ಳಗಿತ್ತು ಎಂದೆ. ಅದು ಸುಳ್ಳಲ್ಲ. ಆದರೆ ಮಗಳ ನೋವಿಗೆ ನಾನು ಶಭಾಷ್‌ಗಿರಿ ತೆಗೆದುಕೊಳ್ಳುತ್ತಿದ್ದೆ ಎನ್ನಲು ನಾಲಿಗೆ ಏಳಲಿಲ್ಲ. ನಾಚಿಕೆಯಿಂದ ಹಿಡಿಯಷ್ಟಾದೆ.

ಕೆಳರೆಪ್ಪೆಯ ಒಳಗಿನಿಂದ ಹೋಗಿ ಸ್ನಾಯು ಬಿಡಿಸಿದರು. ದಿನವೂ ಮೇಲೆ ಕೆಳಗೆ ಕಣ್ಣಾಡಿಸುವ ಅಭ್ಯಾಸ ಹೇಳಿಕೊಟ್ಟು ಮನೆಗೆ ಕಳಿಸಿದರು. ಮೊದಲ ದಿನ ನಾನೇ ಅವಳೆದುರು ನಿಂತು, ಮೇಲೆ ನೋಡು ಎಂದೆ. ಅವಳ ನೋಟ ನನ್ನ ಸೀರೆಯ ನೆರಿಗೆಯವರೆಗೆ ಬಂದು ನಿಂತಿತು. ನೋಯುತ್ತಿದೆಯೇನೋ ಎಂದು ಗಾಬರಿಯಾದೆ.

"ನೋವಿಲ್ಲವ್ವಾ" ಎಂದಳು. "ನಿನ್ನ ಮುಖ ನೋಡಬಹುದಾ?"