ಏಳಕ್ಕೇ ಎಸೆದ ಮಂಗಳವಾರ

ಸಮರ್‌ಸೆಟ್‌ನ ಜೂಡೋ ಕ್ಲಬ್ಬಿನಲ್ಲಿ ಎರಡು ವರ್ಷ ನಾನು ಮಾಡಿದ ಮುಖ್ಯ ಕೆಲಸವೆಂದರೆ ಬೀಳುವುದು. ನಮ್ಮ ಕೋಚ್ ನೆದರ್ಲೆಂಡ್ಸಿನ ಹೆಂಗಸು. ವಯಸ್ಸು ಮೂವತ್ತಮೂರು. ಐವತ್ತೇಳು ಕಿಲೋ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ದೇಶದೇಶಗಳಲ್ಲಿ ಆಡುತ್ತ ಬಂದವರು. ಅವರ ತೂಕಕ್ಕೆ ಸರಿಹೊಂದುವ ಹೆಣ್ಣುಮಗಳು ಕ್ಲಬ್ಬಿನಲ್ಲಿ ನಾನೊಬ್ಬಳೇ ಇದ್ದುದರಿಂದ, ಮಕ್ಕಳ ಕ್ಲಾಸ್ ಮುಗಿದ ಮೇಲೆ ಅವರ ಸ್ವಂತ ಅಭ್ಯಾಸಕ್ಕೆ ನಾನೇ ಜೊತೆ.

ಅಮ್ಮನಿಗೆ ಇದು ತಮಾಷೆಯ ವಿಷಯ. "ಫೀಸ್ ಕೊಟ್ಟು ದಿನಾ ಎತ್ತಿ ಹಾಕಿಸ್ಕೊಂಡು ಬರ್ತೀಯಲ್ಲೇ, ಕೇಳಿದ್ರೆ ನಾನೇ ಪುಕ್ಕಟೆ ಎತ್ತಿ ಹಾಕ್ತಿದ್ನಲ್ಲ" ಎನ್ನುತ್ತಿದ್ದಳು.

ಹನ್ನೆರಡನೆಯ ವಯಸ್ಸಿನಲ್ಲಿ ಮೈಸೂರಿನಿಂದ ಇಲ್ಲಿನ ಕೆಂಡಲ್ ಪಾರ್ಕ್ ಎಂಬ ಊರಿಗೆ ಬಂದಾಗ, ಅಕ್ಷರ ಮರೆಯಬಾರದೆಂದು ಕನ್ನಡದಲ್ಲಿ ದಿನಚರಿ ಬರೆಯುವ ಅಭ್ಯಾಸ ಹಿಡಿಸಿದವಳೂ ಅಮ್ಮನೇ. ನಾನು ಭಾವನೆಗಳನ್ನು ಬರೆಯುವವಳಲ್ಲ. ತಾರೀಖು, ಎಷ್ಟು ಗಂಟೆ ಅಭ್ಯಾಸ, ಎಷ್ಟು ಸಲ ಬಿದ್ದೆ, ಇಷ್ಟೇ. ಅಂಕಿಗಳೂ ಕನ್ನಡದವೇ. ಕೋಚ್‌ಗೆ ಇದು ಗೊತ್ತಾದ ಮೇಲೆ ತಮ್ಮ ತೂಕವನ್ನೂ ನನ್ನ ಪುಸ್ತಕದಲ್ಲೇ ಬರೆಸತೊಡಗಿದರು. ಅವರಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಬೇಕಾದಾಗ ನಾನು ಇಂಗ್ಲಿಷಿನಲ್ಲಿ ಓದಿ ಹೇಳುತ್ತಿದ್ದೆ.

ದೊಡ್ಡ ಅಂತರರಾಷ್ಟ್ರೀಯ ಪಂದ್ಯಾವಳಿಗೆ ಅವರ ದೇಶದಿಂದ ಒಂದು ತೂಕಕ್ಕೆ ಒಬ್ಬರಿಗೇ ಜಾಗ. ಆ ಜಾಗ ಮೂರು ವರ್ಷಗಳಿಂದ ಇಪ್ಪತ್ತೊಂದರ ಹುಡುಗಿಯೊಬ್ಬಳ ಪಾಲಾಗಿತ್ತು. ಆ ವರ್ಷ ಏಪ್ರಿಲ್‌ನಲ್ಲಿ ಆಯ್ಕೆಯ ಪಂದ್ಯವಿತ್ತು. ಇನ್ನೊಂದು ಸಲಕ್ಕೆ ಮೊಣಕಾಲು ಒಪ್ಪುವುದಿಲ್ಲ, ಇದೇ ಕೊನೆ ಎಂದು ಅವರು ಮೊದಲೇ ಹೇಳಿದ್ದರು. ಅಳುಮುಖ ಮಾಡಿ ಹೇಳಿದ ಮಾತಲ್ಲ. ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ ಎನ್ನುವ ಹಾಗೆ ಹೇಳಿದ್ದರು.

ಫೆಬ್ರವರಿಯ ಮೊದಲ ಭಾನುವಾರ, ಅಭ್ಯಾಸದ ಕುಸ್ತಿಯಲ್ಲಿ ಎತ್ತರದ ಗಂಡಸೊಬ್ಬ ಅವರ ಮೇಲೆ ಬಿದ್ದ. ಅವರ ತಲೆಯ ಹಿಂಭಾಗ ಮ್ಯಾಟಿಗೆ ಬಡಿಯಿತು. ಎದ್ದು ನಕ್ಕು ಮುಂದುವರಿಸಿದರು.

ಮಂಗಳವಾರ ನಾವು ಎಂದಿನ ಅಭ್ಯಾಸಕ್ಕೆ ನಿಂತೆವು. ಅದರ ಕ್ರಮ ಹೀಗೆ: ಅವರು ನನ್ನ ಕಾಲರ್ ಮತ್ತು ತೋಳು ಹಿಡಿದು, ಗಿರಕ್ಕನೆ ತಿರುಗಿ ಬೆನ್ನು ಕೊಟ್ಟು, ಎತ್ತುವ ಹಾಗೆ ಮಾಡಿ ಬಿಡಬೇಕು. ಹೀಗೆ ಒಂಬತ್ತು ಸಲ. ಹತ್ತನೆಯದಕ್ಕೆ ನಿಜವಾಗಿ ಎಸೆಯಬೇಕು. ನಾನು ಗದ್ದವನ್ನು ಎದೆಗೆ ಒತ್ತಿ, ಕೈ ಬಡಿದು ಬೀಳಲು ಸಿದ್ಧಳಾಗುವುದು ಹತ್ತಕ್ಕೆ. ಅವತ್ತು ಅವರು ಏಳಕ್ಕೇ ಎಸೆದರು. ಸಿದ್ಧಳಾಗಿರಲಿಲ್ಲವಾದ್ದರಿಂದ ಉಸಿರು ಸಿಕ್ಕಿಕೊಂಡಿತು. ಹದಿನಾಲ್ಕು ವರ್ಷ ಹತ್ತರವರೆಗೆ ಎಣಿಸಿದವರು ತಪ್ಪುವ ಲೆಕ್ಕವಲ್ಲ ಅದು.

ಅವರು ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತರು.

"ಎಷ್ಟಾಗಿತ್ತು?"

"ಏಳು."

ನನ್ನನ್ನು ಎತ್ತಿ ಕೂರಿಸಿ, "ಸುಸ್ತು, ಅಷ್ಟೇ. ಇದನ್ನ ಬರೀಬೇಡ" ಎಂದರು.

ಮನೆಗೆ ಬಂದು ಬರೆದೆ. ಓದಲು ಬಾರದವರಿಗೆ ಗೊತ್ತಾಗುವುದಿಲ್ಲವೆಂಬ ಧೈರ್ಯ. ಆದರೆ ಬೇರೆ ಯಾರಿಗೂ ಹೇಳಲಿಲ್ಲ. ಗುರುವಾರ ಹತ್ತಕ್ಕೆ ಎಸೆಯದೆ ಹನ್ನೆರಡರವರೆಗೆ ಹೋದರು. ಶನಿವಾರ ಎರಡು ಸಲ ತಪ್ಪಿತು. ಭಾನುವಾರ ಒಂದು. ಮುಂದಿನ ಮಂಗಳವಾರ, ಬುಧವಾರ ಒಂದೊಂದು. ಒಟ್ಟು ಏಳು ಸಲ. ಪ್ರತಿಯೊಂದಕ್ಕೂ ತಾರೀಖು ಹಾಕಿದೆ. ಬರೆದಾಗಲೆಲ್ಲ ಏನೋ ಮಾಡಿದ ಹಾಗೆ ಸಮಾಧಾನವಾಗುತ್ತಿತ್ತು. ಅವರ ತೂಕ ಇಳಿಯುತ್ತಿತ್ತು, ಏಪ್ರಿಲ್ ಹತ್ತಿರವಾಗುತ್ತಿತ್ತು, ನಾನು ಬರೆಯುತ್ತಿದ್ದೆ.

ಆ ವಾರದ ಗುರುವಾರ ಹದಿನಾರರ ಹುಡುಗಿಯೊಬ್ಬಳಿಗೆ ನೆಲದ ಹಿಡಿತ ಕಲಿಸುವಾಗ ಅವಳ ಮೊಣಕಾಲು ಅವರ ಕಪಾಳದ ಮೇಲೆ ತಾಗಿತು. ಸಣ್ಣ ಪೆಟ್ಟು. ಆದರೂ ಗೋಡೆಗೆ ಒರಗಿ ಕೂತವರು ಅರ್ಧ ಗಂಟೆ ಏಳಲಿಲ್ಲ. ಪಂದ್ಯಕ್ಕೆ ಬೇಕಾದ ಫಿಟ್‌ನೆಸ್ ಸರ್ಟಿಫಿಕೇಟಿಗೆ ಶನಿವಾರ ಮನ್ರೋದಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಇತ್ತು. ಹಿಮದ ಬಿಳುಪು ಕಣ್ಣಿಗೆ ಚುಚ್ಚುತ್ತದೆ, ನೀನೇ ಡ್ರೈವ್ ಮಾಡು, ಪುಸ್ತಕಾನೂ ತಗೊಂಡು ಬಾ ಎಂದರು. ತೂಕವನ್ನು ಶಿಸ್ತಾಗಿ ಇಳಿಸಿದ್ದಕ್ಕೆ ಅದೇ ಸಾಕ್ಷಿಯಂತೆ.

ಡಾಕ್ಟರ್ ವಯಸ್ಸಾದ ಹೆಂಗಸು, ಅವಸರವಿಲ್ಲದವರು. ಕೋಚ್ ಫಾರ್ಮಿನಲ್ಲಿ ಬರೆದಿದ್ದ ಮೊದಲ ಭಾನುವಾರದ ಪೆಟ್ಟನ್ನು ನೋಡಿ, ಅದಾದ ಮೇಲೆ ಏನಾದರೂ ಬದಲಾವಣೆ ಕಂಡಿತೇ ಎಂದು ಕೇಳಿದರು. ಕೋಚ್ ಇಲ್ಲವೆಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವಳು ಎಲ್ಲಾನೂ ಬರೀತಾಳೆ. ಬೇಕಾದ್ರೆ ಓದಿಸಿ ನೋಡಿ" ಎಂದರು. ನಾನು ಅವರ ಮಾತು ಕೇಳಿದ್ದೇನೆಂದು ಅವರಿಗೆ ಅಷ್ಟು ನಂಬಿಕೆ.

ಮೊದಲು ತೂಕಗಳನ್ನು ಓದಿದೆ. ಪುಟ ತಿರುಗಿಸಿದೆ. ಅಲ್ಲಿ ಏನಿದೆಯೆಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಿಟ್ಟು ಓದಿದ್ದರೆ ಸರ್ಟಿಫಿಕೇಟ್ ಸಿಗುತ್ತಿತ್ತು. ಮಂಗಳವಾರದಿಂದ ಶುರುಮಾಡಿ ಏಳನ್ನೂ ಓದಿದೆ, ಗುರುವಾರದ ಪೆಟ್ಟನ್ನೂ ಓದಿದೆ. ತಲೆ ಎತ್ತಲಿಲ್ಲ.

ಡಾಕ್ಟರ್ ಪೆನ್ನನ್ನು ಕೆಳಗಿಟ್ಟರು. ಮೊದಲ ಪೆಟ್ಟಾದ ಕೂಡಲೇ ನಿಲ್ಲಿಸಿದರೆ ಎಷ್ಟೋ ಜನ ಕೆಲವು ವಾರಗಳಲ್ಲಿ ಸುಧಾರಿಸುತ್ತಾರೆ, ಅದು ವಾಸಿಯಾಗುವ ಮುಂಚೆ ಬೀಳುವ ಎರಡನೆಯದೇ ಕಷ್ಟ ಎಂದು ಮೆಲ್ಲಗೆ ಹೇಳಿದರು. ಸಹಿ ಹಾಕಲಿಲ್ಲ. ತಜ್ಞರ ಬಳಿ ಕಳಿಸಿದರು. ಮಾರ್ಚ್ ಕೊನೆಗೆ ತಜ್ಞರೂ ಹೇಳಿದರು: ಇನ್ನು ಪಂದ್ಯ ಬೇಡ, ಯಾವತ್ತಿಗೂ.

ಆ ಶನಿವಾರ ವಾಪಸ್ ಬರುವಾಗ ಅವರು ಆಡಿದ್ದು ಒಂದೇ ಮಾತು. "ಬರೀಬೇಡ ಅಂದಿದ್ದೆ."

"ಹೌದು" ಎಂದೆ.

ಅಮ್ಮನಿಗೆ ಹೇಳಿದಾಗ, "ಸರಿಯಾಗೇ ಮಾಡಿದ್ದೀಯ ಕಣೇ, ಜೀವಕ್ಕಿಂತ ಪಂದ್ಯ ದೊಡ್ಡದಾ?" ಎಂದಳು. ಓದಿದ್ದು ಸರಿ ಎಂದು ನನಗೂ ಗೊತ್ತಿತ್ತು. ನನ್ನನ್ನು ಕಾಡುತ್ತಿದ್ದುದು ಅದಲ್ಲ. ಮೊದಲ ಮಂಗಳವಾರಕ್ಕೂ ಆ ಶನಿವಾರಕ್ಕೂ ನಡುವೆ ಹನ್ನೊಂದು ದಿನ. ಮೊದಲ ದಿನವೇ ಯಾರಿಗಾದರೂ ಹೇಳಿದ್ದರೆ ಗುರುವಾರ ಅವರು ಮ್ಯಾಟಿನ ಮೇಲೆ ಇರುತ್ತಿರಲಿಲ್ಲ. ಇದನ್ನು ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಕೋಚ್ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ಕಲಿಸಿದರು. ನನ್ನೊಡನೆ ಬೇಕಾದಷ್ಟೇ ಮಾತು. ಜೂನ್‌ನಲ್ಲಿ ಊರಿಗೆ ಹೊರಟಾಗ, ಏರ್‌ಪೋರ್ಟಿಗೆ ಬಿಡ್ತೀಯಾ ಎಂದು ಅವರೇ ಕೇಳಿದರು. ನ್ಯೂಆರ್ಕ್‌ನಲ್ಲಿ ಪೆಟ್ಟಿಗೆಗಳನ್ನು ಇಳಿಸಿದ ಮೇಲೆ ನನ್ನ ಎರಡೂ ತೋಳು ಹಿಡಿದು ನಿಂತರು.

"ನೀನು ಓದಿದ್ದಕ್ಕೆ ತುಂಬಾ ಸಿಟ್ಟಿತ್ತು. ಈಗಿಲ್ಲ."

ಡಾಕ್ಟರ್ ಹೇಳಿದ್ದನ್ನು ಅವರೂ ಕೇಳಿಸಿಕೊಂಡಿದ್ದರು. ಆ ಹನ್ನೊಂದು ದಿನಗಳ ಬಗ್ಗೆ ಇನ್ನೊಂದು ವಾಕ್ಯ ಬರಬಹುದೆಂದು ಕಾದೆ. ಬೈಗುಳವೇ ಆದರೂ ಸರಿಯಿತ್ತು. ಬರಲಿಲ್ಲ. ನಾನೇ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಕಾರು ಹಾರ್ನ್ ಹಾಕಿತು. ಮುಂದೆ ಹೋಗು ಎಂದು ಪೊಲೀಸ್ ಕೈ ಬೀಸಿದ. ಅವರು ಪೆಟ್ಟಿಗೆ ಎಳೆದುಕೊಂಡು ಒಳಗೆ ಹೋದರು. ನಾನು ಕಾರನ್ನು ಮುಂದಕ್ಕೆ ತೆಗೆದೆ.