ಏಳನೇ ತಿರುವಿನವನ ಶುಕ್ರವಾರಗಳು

ಊರ ಹೊರಗಿನ ರೇಸ್ ಟ್ರ್ಯಾಕಿಗೆ ಹದಿನಾಲ್ಕು ತಿರುವು. ಅವುಗಳಲ್ಲಿ ಏಳನೆಯದು ತಿರುವಣ್ಣನದು. ಅವನದು ಅಂದರೆ ಅಪ್ಪ ಬಿಟ್ಟುಹೋದ ಆಸ್ತಿಯೇನಲ್ಲ. ಇಪ್ಪತ್ತೆರಡು ವರ್ಷ ಅಲ್ಲಿ ಬಾವುಟ ಹಿಡಿದು ನಿಂತೂ ನಿಂತೂ ಆ ತಿರುವು ಅವನ ಮೈಗೂ ಹೆಸರಿಗೂ ಅಂಟಿಕೊಂಡಿತ್ತು. ಮುಂದೆ ಕಾರು ಮಗುಚಿದ್ದರೆ ಹಳದಿ ಬೀಸಬೇಕು: ನಿಧಾನ, ಯಾರೂ ಯಾರನ್ನೂ ದಾಟಬೇಡಿ. ದಾರಿ ಸರಿಯಾದರೆ ಹಸಿರು: ಬನ್ನಿ. ಇಷ್ಟೇ ಕೆಲಸ. ಸಂಬಳವಿಲ್ಲ, ಸಾರಿಗೆಯಿಲ್ಲ. ಕೊಡುವುದೊಂದು ಕಿತ್ತಳೆ ಬಣ್ಣದ ಅಂಗಿ, ಅದೂ ಮೂರು ವರ್ಷಕ್ಕೊಂದು.

ಹೊಟ್ಟೆಪಾಡಿಗೆ ಅವನು ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ಫ್ಯಾನು, ನೀರಿನ ಪಂಪು, ಹೊಲಿಗೆ ಯಂತ್ರದ ಮೋಟಾರು, ಏನೇ ಆಗಲಿ, ಕಪ್ಪಗೆ ಕರಕಲಾಗಿ ಬಂದದ್ದು ಹೊಸ ತಾಮ್ರದ ತಂತಿ ಸುತ್ತಿಸಿಕೊಂಡು ವಾರ್ನಿಷ್ ವಾಸನೆ ಹೊಡೆಯುತ್ತ ಹೋಗುತ್ತಿತ್ತು. ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಎರಡೇ ಕೋಣೆ. ಮುಂದಿನ ಕೋಣೆಯ ಬಾಗಿಲ ಪಕ್ಕದಲ್ಲೇ ಅವನ ಮೇಜು. ಒಳಗೆ ಬರುವವರು, ಹೊರಗೆ ಹೋಗುವವರು ಅವನ ಮೊಣಕಾಲು ತಾಗಿಸಿಕೊಂಡೇ ಹೋಗಬೇಕು. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಕೂತನೆಂದರೆ ಏಳುವುದು ಊಟಕ್ಕೆ, ನಿದ್ದೆಗೆ. ವರ್ಷಕ್ಕೆ ಆರು ರೇಸು. ಒಂದೊಂದಕ್ಕೆ ಶುಕ್ರ, ಶನಿ, ಭಾನು; ಶುಕ್ರವಾರ ಬರೀ ಅಭ್ಯಾಸ. ಆ ಹದಿನೆಂಟು ದಿನ ಬಿಟ್ಟರೆ ಅವನು ಮನೆ ಬಿಟ್ಟವನಲ್ಲ.

ಆ ವರ್ಷ ಹೆಂಡತಿಯ ಉಸಿರು ಮೆಟ್ಟಿಲ ಮೇಲೆ ನಿಂತು ನಿಂತು ಬರತೊಡಗಿತು. ಡಾಕ್ಟರು ನೋಡಿ, ಹೃದಯ ಹಿಗ್ಗಿದೆ, ಇನ್ನು ಮೆಟ್ಟಿಲು ಹತ್ತುವುದೂ ಬೇಡ ಇಳಿಯುವುದೂ ಬೇಡ ಅಂದರು. ಅವಳು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವನನ್ನು ಬಾಗಿಲಾಚೆ ಕರೆದು, "ಮುಂದಿನ ವರ್ಷದ ಮಾತು ಈಗ ಬೇಡ. ಇರುವಷ್ಟು ದಿನ ಜೊತೇಲಿರಿ," ಅಂದರು. ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದ.

ಆ ಹೊತ್ತಿಗೇ ಟ್ರ್ಯಾಕಿನ ಕಚೇರಿಯಲ್ಲಿ ಸಭೆ ಕರೆದರು. ರೇಸು ಎಷ್ಟು ದಿನ ಇರಬೇಕು ಅನ್ನುವುದೇ ವಿಷಯ. ಮೂರು ದಿನ ಬೇಕೆನ್ನುವವರ ಗುಂಪು ಒಂದು ಕಡೆ, ಎರಡು ಸಾಕೆನ್ನುವವರು ಇನ್ನೊಂದು ಕಡೆ.

"ಶುಕ್ರವಾರ ನೋಡೋಕೆ ಯಾರು ಬರ್ತಾರೆ ಹೇಳಿ? ಕಾಗೆ," ಅಂದ ಟಿಕೆಟ್ ಕೊಡುವವನು. "ಅವೂ ಟಿಕೆಟ್ ತಗೊಳ್ಳಲ್ಲ."

"ನೋಡೋಕೆ ಅಲ್ಲಯ್ಯ ಶುಕ್ರವಾರ, ಕಲಿಯೋಕೆ," ಅಂದರು ಹಳೇ ಮೆಕ್ಯಾನಿಕ್ಕು. "ಅಡುಗೆ ಮಾಡದೇ ಬಡಿಸ್ತೀನಿ ಅಂದ್ರೆ ಹೆಂಗೆ? ಏನಪ್ಪಾ ಏಳನೇ ತಿರುವು, ನೀನು ಹೇಳು."

ಎಲ್ಲರ ಮುಖ ಅವನ ಕಡೆ ತಿರುಗಿತು. ಇಪ್ಪತ್ತೆರಡು ವರ್ಷ ಮೂರು ದಿನದ ಪರವಾಗಿ ಮೇಜು ಗುದ್ದಿದವನು ಅವನೇ. ಹೊಸಬರು ಎಲ್ಲಿ ಜಾರುತ್ತಾರೆ, ಯಾರ ಕಾಲು ಬ್ರೇಕಿನ ಮೇಲೆ ತಡವಾಗಿ ಬೀಳುತ್ತದೆ ಅನ್ನುವುದು ಬಾವುಟದವನಿಗೆ ಗೊತ್ತಾಗುವುದೇ ಶುಕ್ರವಾರ ಅಂತ ಗಂಟಲು ಹರಿದುಕೊಂಡವನೂ ಅವನೇ. ಅವನು ಎದ್ದು ನಿಂತ. ಹೆಂಡತಿಗೆ ಹುಷಾರಿಲ್ಲ, ಶುಕ್ರವಾರ ಅವಳ ಹತ್ತಿರ ಇರಬೇಕು ಅಂದಿದ್ದರೆ ಅಲ್ಲಿದ್ದವರು ಹೂಂ ಅಂದು ಅವನೊಬ್ಬನಿಗೇ ರಜೆ ಕೊಡುತ್ತಿದ್ದರು. ಆದರೆ ತನ್ನ ತಿರುವಿನಲ್ಲಿ ಬೇರೆಯವನು ನಿಲ್ಲುವುದು ಅವನಿಗೆ ಆಗದ ಮಾತು. ಇಪ್ಪತ್ತೆರಡು ವರ್ಷದ ಒಣ ಜಂಬ, ಇನ್ನೇನು?

"ಎರಡು ದಿನ ಸಾಕು," ಅಂದ. "ಈಗಿನ ಹುಡುಗರು ಮನೇಲೇ ಕಂಪ್ಯೂಟರ್ ಮುಂದೆ ಕೂತು ತಿರುವೆಲ್ಲ ಕಲಿತು ಬರ್ತಾರೆ."

ಮೆಕ್ಯಾನಿಕ್ಕು ಅವನನ್ನೇ ನೋಡಿದರು. "ಜ್ವರ ಗಿರ ಬಂದಿದೆಯೇನೋ?" ಅಂದರು. ಆದರೆ ಅವನೇ ಹಾಗಂದ ಮೇಲೆ ಮಿಕ್ಕವರದು ಏನುಳಿಯಿತು? ಕೈಗಳು ಮೇಲೆದ್ದವು. ಶುಕ್ರವಾರ ಹೋಯಿತು.

ಅವನು ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿ ಬಂದು ಹೆಂಡತಿಗೆ ಸುದ್ದಿ ಹೇಳಿದ. ಅವಳು ಬಟ್ಟೆ ಮಡಿಸುತ್ತಿದ್ದಳು. ಕೈ ನಿಂತಿತು.

"ಎಲ್ಲಾ ರೇಸಿಗೂನಾ?"

"ಆರಕ್ಕೂ. ಶುಕ್ರವಾರ ಪೂರ್ತಿ ಮನೇಲಿ. ನಾನೇ ಎದ್ದು ಹೇಳಿದ್ದು, ಗೊತ್ತಾ?"

"ನಿಮ್ಮನ್ನ ಯಾರು ಕೇಳಿದ್ರು?" ಅಂದಳು ಅವಳು. ಸಿಟ್ಟಿನಿಂದ ಅಲ್ಲ, ಮೆಲ್ಲಗೆ. ಮಡಿಸಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಕಾಯಿಲೆಯವರ ಮಾತು ಅಂದುಕೊಂಡು ಮೇಜಿಗೆ ಹೋಗಿ ಕೂತ.

ಮೊದಲ ರೇಸಿನ ಶುಕ್ರವಾರ ಬಂತು. ಅವನು ಮನೆಯಲ್ಲೇ ಇದ್ದ. ಹತ್ತೂಕಾಲರ ಸುಮಾರಿಗೆ ಅವಳು ಗೋಡೆ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಕಂಬಿಗೆ ಒಂದು ಟವೆಲು ಕಟ್ಟಿದಳು. ಒಂದೇ ಒಂದು, ಅದೂ ಒಣಗಿದ್ದು, ಹಳದಿ ಬಣ್ಣದ್ದು. ವಾರ್ನಿಷ್ ಹಚ್ಚಿದ ಮೋಟಾರನ್ನು ಬಿಸಿಲಿಗಿಡಲು ಎದ್ದವನು ಅದನ್ನು ಕಂಡು ಬಾಗಿಲ ಹಿಂದೆಯೇ ನಿಂತ. ಅದು ಯಾರಿಗೋ ತೋರಿಸಿದ ಹಳದಿ ಬಾವುಟ ಅಂತ ತಿಳಿಯದಷ್ಟು ಅವನ ಕಣ್ಣು ಮಂಜಾಗಿರಲಿಲ್ಲ.

ಎದುರಿನ ಬಸ್ ನಿಲ್ದಾಣದ ಕಲ್ಲಿನ ಮೇಲೆ ಹೆಂಗಸೊಬ್ಬಳು ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಕತ್ತೆತ್ತಿ ಮೇಲೆ ನೋಡುತ್ತಿದ್ದಳು. ತಲೆ ಅರ್ಧ ನರೆತಿತ್ತು. ಆದರೂ ಗುರುತು ಸಿಕ್ಕಿತು. ಅವನ ನಾದಿನಿ, ಹೆಂಡತಿಯ ಒಡಹುಟ್ಟಿದ ತಂಗಿ.

ಹನ್ನೊಂದು ವರ್ಷದ ಹಿಂದಿನ ಮಾತು. ನೆಂಟರೆಲ್ಲ ಸೇರಿದ್ದ ಊಟದ ಸಾಲಿನಲ್ಲಿ ಅವಳು, "ನಮ್ಮ ಭಾವನ ಕೆಲಸ ಏನು ಗೊತ್ತಾ? ಕಂಡವರ ಮಕ್ಕಳ ಕಾರಿಗೆ ಬಿಸಿಲಲ್ಲಿ ನಿಂತು ಬಟ್ಟೆ ಬೀಸೋದು," ಅಂದಿದ್ದಳು. ಸಾಲಿಗೆ ಸಾಲೇ ನಕ್ಕಿತ್ತು. ಬಡಿಸುತ್ತಿದ್ದವನೂ ಸೌಟು ಹಿಡಿದುಕೊಂಡೇ ನಕ್ಕಿದ್ದ. ಅವತ್ತು ಇವನು, ನನ್ನ ಮನೆ ಹೊಸ್ತಿಲು ತುಳೀಬೇಡ ಅಂದವನು ಮತ್ತೆ ಅವಳ ಹೆಸರೆತ್ತಿರಲಿಲ್ಲ.

ಅಕ್ಕ ಮೇಲಿಂದ ನೋಡಿದಳು, ತಂಗಿ ಕೆಳಗಿಂದ ನೋಡಿದಳು. ಇಬ್ಬರೂ ಕೈ ಬೀಸಲಿಲ್ಲ. ಗಂಟೆ ಕಳೆದ ಮೇಲೆ ತಂಗಿ ಎದ್ದು ಸೀರೆ ಕೊಡವಿಕೊಂಡು ಬಂದ ದಾರಿ ಹಿಡಿದಳು.

ಸಂಜೆ ಅವನು ಕೆಳಗಿನ ಅಂಗಡಿಯ ದರ್ಜಿಯ ಹತ್ತಿರ ಹೋಗಿ ಅದೂ ಇದೂ ಮಾತಾಡಿ ಬಾಯಿ ಬಿಡಿಸಿದ.

"ನಿಮ್ಮ ನಾದಿನಿಯವರಾ? ರೇಸಿನ ಶುಕ್ರವಾರ ತಪ್ಪಿಸಲ್ವಲ್ಲ," ಅಂದ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಆರು ವರ್ಷದಿಂದ ನೋಡ್ತಿದ್ದೀನಿ. ಆಸ್ಪತ್ರೆಯ ಬಟ್ಟೆ ಒಗೆಯೋ ಕಡೆ ಕೆಲಸ, ಶುಕ್ರವಾರ ಒಂದೇ ರಜೆ. ಬಸ್ಸಲ್ಲಿ ಮೂರು ಗಂಟೆ ದಾರಿಯಂತೆ. ಇವತ್ತು ಯಾಕೋ ಮೇಲೆ ಹತ್ತಲೇ ಇಲ್ಲ. ಯಾಕೆ, ನಿಮಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು," ಅಂದು ಅವನು ಎದ್ದುಬಂದ.

ಈಗ ಲೆಕ್ಕ ಹಾಕಿ ನೋಡಿ. ಹೆಂಡತಿ ಕೆಳಗಿಳಿಯುವಂತಿಲ್ಲ. ತಂಗಿಗೆ ರಜೆ ಶುಕ್ರವಾರವೊಂದೇ. ಗಂಡ ಬಾಗಿಲಲ್ಲಿ ಕಾವಲು ಕೂತ ಹಾಗೆ ವರ್ಷವಿಡೀ ಕೂತಿರುತ್ತಾನೆ. ಅಕ್ಕತಂಗಿಯರಿಗೆ ದಕ್ಕುತ್ತಿದ್ದದ್ದು ವರ್ಷಕ್ಕೆ ಆರೇ ಆರು ದಿನ. ಅವಳಿಗಿದ್ದ ಕೊನೆಯ ಆರನ್ನೂ ಇವನು ಸಭೆಯಲ್ಲಿ ಎದ್ದು ನಿಂತು, ಎದೆ ಸೆಟೆಸಿಕೊಂಡು, ಕಿತ್ತು ತಂದಿದ್ದ.

ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. "ಇವಳೇ, ನಿನ್ನ ತಂಗಿಗೆ ಬರೋಕೆ ಹೇಳು." ಎರಡು ದಿನ ಅವನು ಅದನ್ನು ನಾಲಿಗೆ ತುದಿಯವರೆಗೆ ತಂದ. ಹನ್ನೊಂದು ವರ್ಷ ನುಂಗಿ ಕೂತದ್ದು ಸುಲಭಕ್ಕೆ ಮೇಲೆ ಬರುತ್ತದೆಯೇ? ಹೇಳಿದರೆ ತನ್ನ ಗುಟ್ಟು ಬಯಲಾಯಿತೆಂದು ಅವಳು ನೊಂದುಕೊಂಡಾಳು, ಅವಳ ಎದೆಗೆ ಅದು ಒಳ್ಳೆಯದಲ್ಲ ಅಂತ ತನಗೆ ತಾನೇ ಸಬೂಬು ಹೇಳಿಕೊಂಡ. ಮಾತಿನ ಬದಲು ಟ್ರ್ಯಾಕಿನ ಕಾರ್ಯದರ್ಶಿಯ ಹತ್ತಿರ ಓಡಿದ.

"ಶುಕ್ರವಾರ ವಾಪಸ್ ಬೇಕು ಸರ್. ಮೂರು ದಿನ ಇಲ್ಲದಿದ್ರೆ ರೇಸು ರೇಸೇ ಅಲ್ಲ."

ಕಾರ್ಯದರ್ಶಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನ್ರೀ ಇದು, ಮಕ್ಕಳಾಟವಾ? ಎರಡು ಸಾಕು ಅಂದೋರು ನೀವೇ. ಕ್ಯಾಲೆಂಡರ್ ಅಚ್ಚಾಯ್ತು. ಮುಂದಿನ ವರ್ಷ ನೋಡೋಣ ಬಿಡಿ."

ಮುಂದಿನ ವರ್ಷ ಅನ್ನುವ ಮಾತು ಕೇಳಿ ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಆಮೇಲೆ ಹೊರಟುಬಂದ.

ಮನೆಗೆ ಬಂದವನು ಹೆಂಡತಿಗೆ, "ಅಭ್ಯಾಸ ಇಲ್ಲದೆ ಹುಡುಗರು ಕಂಡಕಂಡಲ್ಲಿ ಗುದ್ದಿದ್ರು. ಶುಕ್ರವಾರ ಮತ್ತೆ ಇಟ್ಟರು," ಅಂದ. ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹಾಗಾದ್ರೆ ಊಟದ ಡಬ್ಬಿ ಕಟ್ಟಬೇಕು," ಅಂದಳು. ಅಷ್ಟೇ ಅಂದದ್ದು. ಆದರೆ ಅವತ್ತು ರಾತ್ರಿ ತಾನೇ ಕೇಳಿ ಇನ್ನೆರಡು ತುತ್ತು ಹಾಕಿಸಿಕೊಂಡಳು.

ಎರಡನೇ ರೇಸಿನ ಶುಕ್ರವಾರ ಅವನು ಕಿತ್ತಳೆ ಅಂಗಿ ತೊಟ್ಟು ಹೊರಟ. ಬಾವುಟದವರು ಮೊಬೈಲ್ ಇಟ್ಟುಕೊಂಡು ನಿಲ್ಲುವಂತಿಲ್ಲ, ಅದು ಟ್ರ್ಯಾಕಿನ ಕಟ್ಟುನಿಟ್ಟು. ರೇಸಿನ ದಿನ ಅವನು ಅದನ್ನು ಯಾವಾಗಲೂ ಮನೆಯ ಮೇಜಿನ ಖಾನೆಯಲ್ಲೇ ಬಿಟ್ಟುಹೋಗುತ್ತಿದ್ದ. ಸುಳ್ಳಿಗೆ ಬಿರುಕು ಬೀಳಬಾರದಲ್ಲ, ಅವತ್ತೂ ಬಿಟ್ಟ.

ಹಿಂಬದಿಯ ಬೇಲಿ ದಾಟಿ ಏಳನೇ ತಿರುವಿಗೆ ಹೋಗಿ ಕೂತ. ಕಾರಿಲ್ಲದ ಟ್ರ್ಯಾಕು ಎಷ್ಟು ಉದ್ದ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ಟಾರಿನ ಅಂಚಿನ ಬಿರುಕಲ್ಲಿ ಹುಲ್ಲು ಬೆಳೆದಿತ್ತು. ಒಂದಷ್ಟು ಕಿತ್ತ. ಡಬ್ಬಿ ಬಿಚ್ಚಿ ತಿಂದ. ಬಿಸಿಲು ಅವನ ತಲೆಯಿಂದ ಬೆನ್ನಿಗೆ ಇಳಿಯಿತು. ಈಗ ನಾದಿನಿ ಮೆಟ್ಟಿಲು ಹತ್ತಿರಬಹುದು, ಈಗ ಅವರಿಬ್ಬರೂ ಊಟಕ್ಕೆ ಕೂತಿರಬಹುದು ಅಂತ ಲೆಕ್ಕ ಹಾಕುತ್ತ ಕೂತಿದ್ದು ಸಂಜೆ ಆರಕ್ಕೆ ಮನೆ ಸೇರಿದ. ಮನೆಯಲ್ಲಿ ಎರಡು ಲೋಟ ತೊಳೆದು ಬೋರಲು ಹಾಕಿತ್ತು. ಹೆಂಡತಿಯ ಕೂದಲಿಗೆ ಯಾರೋ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದರು.

"ಎಷ್ಟು ಕಾರು ಬಂದಿದ್ವು?" ಅಂದಳು.

"ಹನ್ನೊಂದು."

"ಯಾರೂ ಬೀಳಲಿಲ್ಲ ತಾನೇ?"

"ಇಲ್ಲ. ಇವತ್ತು ಯಾರೂ ಬೀಳಲಿಲ್ಲ."

ಮೂರನೇ ರೇಸಿಗೂ ಹೀಗೇ. ಅವತ್ತು ಹದಿಮೂರು ಕಾರು ಅಂದ, ಒಬ್ಬ ಮರಳಿಗೆ ಜಾರಿದ ಅಂತಲೂ ಸೇರಿಸಿದ. ಅವಳು ಅಯ್ಯೋ ಪಾಪ ಅಂದಳು.

ನಾಲ್ಕನೆಯ ಶುಕ್ರವಾರ ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತ್ತು. ಅವನು ಅಂಗಿ ಕೈಯಲ್ಲಿ ಹಿಡಿದು, "ಇವತ್ತು ಹೋಗಲ್ಲ," ಅಂದ.

"ಹೋಗಿ ಬನ್ನಿರೀ," ಅಂದಳು ಅವಳು. ಎರಡನೇ ಸಲ ಹೇಳುವಾಗ ಅದು ಕೇಳಿಕೊಂಡ ಹಾಗಿತ್ತು. ಅವನು ಇದ್ದರೆ ತಂಗಿ ಕಲ್ಲಿನ ಮೇಲೇ ಕೂರಬೇಕು. ಅವನು ಹೋದ.

ಆರಕ್ಕೆ ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದಿದ್ದವು. ದರ್ಜಿ ಅಂಗಡಿ ಮುಚ್ಚಿ ಮೇಲೆ ಬಂದು ನಿಂತಿದ್ದ, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು. ಒಳಗೆ ಹೆಂಡತಿಯನ್ನು ಮಲಗಿಸಿದ್ದರು, ಕುತ್ತಿಗೆಯವರೆಗೆ ಹೊದಿಸಿ. ನಾದಿನಿ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಅವನನ್ನು ಕಂಡವಳೇ ಚೀಲ ಎತ್ತಿಕೊಂಡು ಎದ್ದಳು.

"ಎರಡು ಗಂಟೆಗೆ, ಭಾವ," ಅಂದಳು. "ಊಟ ಮಾಡಿ ಮಲಗಿದ್ಲು. ನಿಮಗೆ ಫೋನ್ ಮಾಡಿದ್ರೆ ಇಲ್ಲೇ ಖಾನೇಲಿ ಬಡ್ಕೊಳ್ತು. ಟ್ರ್ಯಾಕಿನ ಕಚೇರಿಗೆ ಮಾಡ್ಸಿದೆ. ಇವತ್ತು ರೇಸೇ ಇಲ್ಲ, ಇಲ್ಲಿ ಯಾರೂ ಇಲ್ಲ ಅಂದ್ರು."

ಅವನು ಹೆಂಡತಿಯ ಮುಖ ನೋಡಿದ. ಎರಡರಿಂದ ಆರು. ಆ ನಾಲ್ಕು ಗಂಟೆ ಅವನು ಹುಲ್ಲು ಕೀಳುತ್ತಿದ್ದ.

"ಅವಳಿಗೆ..." ಅಂದ.

"ರೇಸಿಲ್ಲ ಅಂತ ಗೊತ್ತಿತ್ತು," ಅಂದಳು ನಾದಿನಿ. "ನೀವು ಹಾಗೆ ಹೋದ ಮೊದಲ ದಿನವೇ ನಂಗೆ ಹೇಳಿದ್ಲು. ಅವರಿಗೆ ಸುಳ್ಳು ಹೇಳೋಕೆ ಬರಲ್ಲ, ನೀನು ಮಾತ್ರ ಗೊತ್ತಿಲ್ಲದ ಹಾಗಿರು ಅಂದ್ಲು." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನು ಬರ್ತೀನಿ ಭಾವ."

ಬಾಗಿಲಿಗೂ ಮೇಜಿಗೂ ನಡುವಿನ ಇಕ್ಕಟ್ಟಿನಲ್ಲಿ ಅವನು ನಿಂತಿದ್ದ. ಅವಳು ಹೋಗಬೇಕಾದರೆ ಅವನು ಸರಿಯಬೇಕಿತ್ತು. ಸರಿಯಲಿಲ್ಲ.

"ಕೊನೇ ಬಸ್ಸು ಎಷ್ಟಕ್ಕೆ?" ಅಂದ.

"ಐದೂವರೆಗೇ ಹೋಯ್ತು."

ಅವನು ಆಗಲೂ ಕೂತುಕೋ ಅನ್ನಲಿಲ್ಲ. ಕಿತ್ತಳೆ ಅಂಗಿಯಲ್ಲೇ ಹೆಂಡತಿಯ ಕಾಲ ಬಳಿ ನೆಲಕ್ಕೆ ಕುಸಿದು ಕೂತ. ನಾದಿನಿಯೂ ಚೀಲವನ್ನು ಕೆಳಗಿಳಿಸಿ, ಮೊದಲು ಕೂತಿದ್ದ ಜಾಗದಲ್ಲೇ ಕೂತಳು.